ಟ್ಯಾಂಕ್ ಮಾದರಿಗೆ ಲೋಹದ ಟ್ರ್ಯಾಕ್ ಜೋಡಿಸುವುದು

ನಾನು ಲೋಹದ ಟ್ರ್ಯಾಕ್ (ಚಕ್ರಗಳನ್ನು ಸುತ್ತುವ ಕೊಂಡಿಗಳ ಪಟ್ಟಿ) ಇಷ್ಟಪಡುವುದು ಅದರ ತೂಕಕ್ಕಾಗಿ. ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕ್ ಟೈಗರ್ 1ರ ಟ್ರ್ಯಾಕ್ ಮೇಲ್ಭಾಗದಲ್ಲಿ ಚಕ್ರಗಳ ಮೇಲೆ ಜೋತು ಬೀಳಬೇಕು. ಲೋಹದ್ದಾದರೆ ತಾನಾಗಿಯೇ ಬೀಳುತ್ತದೆ.

ಒಂದು ಬದಿಗೆ 96 ಕೊಂಡಿ ಬೇಕು. ಮೊದಲು ಅಂಚಿನ ಹೆಚ್ಚುವರಿ ಲೋಹವನ್ನು ಸಣ್ಣ ಅರದಿಂದ ಉಜ್ಜಿ ತೆಗೆಯಿರಿ.

ಮುಖ್ಯ ಕೆಲಸ ತೂತುಗಳದ್ದು, ಕೊಂಡಿಗಳನ್ನು ಜೋಡಿಸುವ ತಂತಿ ಇವುಗಳಲ್ಲೇ ತೂರಬೇಕು. ಎಷ್ಟೋ ಕೊಂಡಿಗಳಲ್ಲಿ ಅವು ಅರ್ಧ ಮುಚ್ಚಿರುತ್ತವೆ. ತಂತಿಗಿಂತ ಕೂದಲೆಳೆಯಷ್ಟು ದಪ್ಪದ ಡ್ರಿಲ್ ಬಿಟ್ ತೆಗೆದುಕೊಂಡು ಕೈಯಲ್ಲೇ ತಿರುಗಿಸಿ. ಮೋಟರ್ ಬೇಡ, ಮೆತ್ತನೆ ಲೋಹದಲ್ಲಿ ಬಿಟ್ ಅಡ್ಡ ಹೋಗುತ್ತದೆ. ಎರಡೂ ಬದಿಯಿಂದ ಸ್ವಲ್ಪ ಸ್ವಲ್ಪ ಕೊರೆಯಿರಿ. ಇಲ್ಲಿ ಅವಸರ ಮಾಡಿದರೆ ಮುಂದೆ ತಂತಿ ಬಾಗುತ್ತದೆ.

ತಂತಿಯ ತುದಿಯನ್ನು ಓರೆಯಾಗಿ ಕತ್ತರಿಸಿದರೆ ಸಲೀಸಾಗಿ ತೂರುತ್ತದೆ. ಕೊನೆಯ ಒಂದು ಮಿಲಿಮೀಟರ್ ಉಳಿದಾಗ ಸೂಜಿ ಮೊನೆಯಲ್ಲಿ ಸೂಪರ್ ಗ್ಲೂ ಮುಟ್ಟಿಸಿ, ಒಳಗೆ ತಳ್ಳಿ. ಜಾಸ್ತಿ ಹಾಕಿದರೆ ಕೀಲು ಗಟ್ಟಿಯಾಗಿಬಿಡುತ್ತದೆ. ಪ್ರತಿ ಕೊಂಡಿ ಸೇರಿಸಿದ ಮೇಲೂ ಮಡಚಿ ನೋಡಿ. ಎಲ್ಲ ಕೊಂಡಿಯೂ ಒಂದೇ ದಿಕ್ಕಿಗಿರಲಿ.

ಕಪ್ಪಾಗಿಸುವ ದ್ರಾವಣಕ್ಕೆ ಹಾಕುವ ಮೊದಲು ಸೋಪು ನೀರಲ್ಲಿ ಚೆನ್ನಾಗಿ ತೊಳೆಯಿರಿ. ಬೆರಳಿನ ಜಿಡ್ಡು ಉಳಿದರೆ ಅಲ್ಲಿ ಬಣ್ಣ ಹಿಡಿಯುವುದಿಲ್ಲ. ದ್ರಾವಣ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ. ಒಣಗಿದ ಮೇಲೆ ನೆಲಕ್ಕೆ ತಾಗುವ ಭಾಗವನ್ನು ಮರಳು ಕಾಗದದಿಂದ ಹಗುರವಾಗಿ ಉಜ್ಜಿ. ನಿಜವಾದ ಲೋಹದ ಹೊಳಪು ಬರುತ್ತದೆ, ಯಾವ ಪೇಂಟೂ ಬೇಕಿಲ್ಲ.