ಮುಳಶಿ ಗುಡ್ಡದ ಹನ್ನೊಂದು ಗುಂಟೆ

ನಾನು ನವಲಗುಂದ ಕಡೆಯ ಎರೆ ನೆಲದವನು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿದು, ಮಳೆ ಬಿದ್ದಾಗ ಉಬ್ಬಿ ಗೋಡೆ ಸೀಳುವ ಮಣ್ಣನ್ನು ನೋಡಿಕೊಂಡೇ ಬೆಳೆದೆ. ಪುಣೆಯ ಫ್ಲ್ಯಾಟಿನಲ್ಲಿ ಇಪ್ಪತ್ತು ವರ್ಷ ಕಳೆದ ಮೇಲೆ ಮುಳಶಿ ತಾಲ್ಲೂಕಿನ ಗುಡ್ಡದಲ್ಲಿ ಹನ್ನೊಂದು ಗುಂಟೆ ಜಾಗ ನೋಡಲು ಹೋದಾಗ, ಕೆಂಪು ಮುರುಮ್, ಅಂದರೆ ಗರಸು ಮಣ್ಣು, ಕಂಡೇ ಅರ್ಧ ಮನಸ್ಸು ಮಾಡಿಬಿಟ್ಟಿದ್ದೆ. “ಎರಿ ಅಲ್ಲಪ್ಪಾ, ಗಟ್ಟಿ ನೆಲ” ಎಂದು ಅಪ್ಪನಿಗೆ ಫೋನ್ ಮಾಡಿದೆ. “ಮ್ಯಾಲ ನೋಡಿ ಹೇಳಬ್ಯಾಡೊ, ಮೊದ್ಲ ತೆಗ್ಗ ತೋಡ್ಸು” ಎಂದರು.

ಜಾಗದ ನಡುವೆ ಒಂದು ಸಪಾಟು ತುಂಡು ಇತ್ತು. ಮಾರುವವನು ಅದನ್ನೇ ಮತ್ತೆ ಮತ್ತೆ ತೋರಿಸಿದ: ಮನೆ ಇಲ್ಲೇ ಕಟ್ಟಿ, ಲೆವೆಲ್ ಮಾಡುವ ಖರ್ಚೂ ಉಳಿಯಿತು. ಆದರೆ ಸುತ್ತ ಇಳಿಜಾರೇ ಇರುವಾಗ ನಡುವೆ ಅಂಗೈಯಂಥ ಜಾಗ ಎಲ್ಲಿಂದ ಬಂತು? ಅವನನ್ನು ಒಪ್ಪಿಸಿ ಜೆಸಿಬಿ ತರಿಸಿ ಆಳವಾಗಿ ಮೂರು ಗುಂಡಿ ತೆಗೆಸಿದೆ. ಗುಡ್ಡದ ಕಡೆಯ ಅಂಚಿನಲ್ಲಿ ಒಂದಡಿ ಮಣ್ಣು, ಆಮೇಲೆ ಹಳದಿ ಮುರುಮ್, ನಾಲ್ಕಡಿಗೆ ಬಕೆಟ್ಟಿನ ಹಲ್ಲು ಕರಿಕಲ್ಲಿಗೆ ಕಿರ್ರೆಂದಿತು. ಕೆಳಗಿನ ಅಂಚಿನಲ್ಲಿ ಕತೆಯೇ ಬೇರೆ. ಮೂರಡಿ ಸಡಿಲ ಮುರುಮ್, ಅದರಡಿ ಒಂದು ಪ್ಲಾಸ್ಟಿಕ್ ಚೀಲ, ಕೊಳೆತ ಹುಲ್ಲಿನ ಬೇರು, ಅದರ ಕೆಳಗೆ ಗುಡ್ಡದ ಹಳೆಯ ಮೇಲ್ಮಣ್ಣು. ಮೇಲೆ ಕಡಿದದ್ದನ್ನು ಕೆಳಗೆ ದಬ್ಬಿ ಸಪಾಟು ಮಾಡಿದ್ದರು. ಅಲ್ಲಿ ಕಟ್ಟಿದ್ದರೆ ಮನೆಯ ಅರ್ಧ ಬಂಡೆಯ ಮೇಲೆ, ಇನ್ನರ್ಧ ಭರಾವಿನ, ಅಂದರೆ ತುಂಬಿದ ಮಣ್ಣಿನ ಮೇಲೆ. ಬಿರುಕು ಬಿಡಲು ಎರೆ ಮಣ್ಣೇ ಬೇಕಿಲ್ಲ.

ಕಡಿದ ಗೋಡೆಯಲ್ಲಿ ಇಟ್ಟಿಗೆ ಬಣ್ಣದ ಒಂದು ಪಟ್ಟಿ ಕಂಡಿತು. ಈ ಸೀಮೆಯ ಬಂಡೆ ಲಾವಾ ಪದರದ ಮೇಲೆ ಪದರ ಬಿದ್ದು ಆದದ್ದು. ಎರಡು ಪದರಗಳ ನಡುವೆ ಹೀಗೆ ಕೆಂಪು ಜೇಡಿ ಸಿಗುತ್ತದೆ. ಮೇಲಿನ ಬಿರುಕುಗಳಲ್ಲಿ ಇಳಿದ ನೀರು ಈ ಜೇಡಿ ದಾಟಲಾರದೆ ಅಡ್ಡಕ್ಕೆ ಒಸರುತ್ತದೆ. ಅದಕ್ಕೇ ಮುಂಗಡ ಕೊಡದೆ ಜುಲೈವರೆಗೆ ಕಾದೆ. ಮಳೆಯಲ್ಲಿ ನೆನೆಯುತ್ತ ಹೋಗಿ ನೋಡಿದರೆ ಆ ಪಟ್ಟಿಯ ಮೇಲಂಚಿನಲ್ಲಿ ಮೂರು ಕಡೆ ನೀರು ಒಡೆದಿತ್ತು, ಅಲ್ಲೇ ಮೇಲಿದ್ದ ಬೇಲಿಗಂಬಗಳು ಕೆಳಕ್ಕೆ ವಾಲಿದ್ದವು. ಇದೇ ಜಿಲ್ಲೆಯ ಮಾಳಿಣ್ ಊರಿನ ಮೇಲೆ 2014ರ ಜುಲೈ 30ರಂದು ಗುಡ್ಡ ಕುಸಿದದ್ದು ಇಲ್ಲಿ ಯಾರೂ ಮರೆತಿಲ್ಲ. ಜಾಗ ಬಿಡಬೇಕೆಂದೇ ಇದ್ದೆ. ಆದರೆ ಪೂರ್ವದ ಮಗ್ಗುಲು ಒಣಗಿತ್ತು, ಇಳಿಜಾರೂ ಕಡಿಮೆ, ಅಲ್ಲಿನ ಗುಂಡಿಯಲ್ಲಿ ಯಾರೂ ಮುಟ್ಟದ ಮುರುಮ್. ಸ್ಟ್ರಕ್ಚರಲ್ ಇಂಜಿನಿಯರ್ ಗುಂಡಿಗಿಳಿದು ನೋಡಿ ಒಪ್ಪಿದ ಮೇಲೆಯೇ ಕೊಂಡೆ. ಮನೆಯನ್ನು ಆ ಮಗ್ಗುಲಿಗೆ ಸರಿಸಿದೆವು, ಗುಡ್ಡ ಕಡಿಯದೆ ತಳಪಾಯವನ್ನೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದೆವು, ಹಿಂದೆ ನೀರು ತಿರುಗಿಸಲು ಚರಂಡಿ ತೋಡಿದೆವು.

ನಿಜವಾದ ಜಗಳ ಆದದ್ದು ಶೋಷಖಡ್ಡಾದ ವಿಷಯದಲ್ಲಿ, ಅಂದರೆ ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಗುಂಡಿ. ಕಂತ್ರಾಟುದಾರ ಕೆಳಗಿನ ಮೂಲೆಯಲ್ಲಿ ಬಂಡೆಯವರೆಗೆ ತೋಡಿಸಿದ್ದ. ತಳದಲ್ಲಿ ಒಂದಡಿಯ ಚಿಕ್ಕ ಕುಳಿ ಮಾಡಿ, ಎರಡು ಬೆರಳು ಜಲ್ಲಿ ಹಾಕಿ, ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಮತ್ತೆ ನೀರು ತುಂಬಿದೆವು. ಐದು ನಿಮಿಷಕ್ಕೆ ಖಾಲಿ. “ಸಾಹೇಬ, ಜನ್ಮದಲ್ಲಿ ತುಂಬೋದಿಲ್ಲ!” ಎಂದು ಅವನು ಹಿಗ್ಗಿದ. ನನಗೆ ಎದೆ ಧಸಕ್ಕೆಂದಿತು. ಸೆಪ್ಟಿಕ್ ಟ್ಯಾಂಕಿಗೆಂದೇ ಇರುವ ಭಾರತೀಯ ಮಾನಕ ಐಎಸ್ 2470ರ ಲೆಕ್ಕದಲ್ಲಿ ನೀರು 25 ಮಿಲಿಮೀಟರ್ ಇಳಿಯಲು 30 ನಿಮಿಷದೊಳಗೆ ಸಾಕಾದರೆ ಇಂಗುಗುಂಡಿ ನಡೆಯುತ್ತದೆ, 60ರವರೆಗೆ ಉದ್ದ ಚರ ಬೇಕು, ಅದನ್ನೂ ಮೀರಿದರೆ ಎರಡೂ ಬೇಡ. ಆ ಪ್ರಕಾರ ನಾವು ಪಾಸು. ಆದರೆ ಹೊಲಸನ್ನು ತೊಳೆಯುವುದು ಮಣ್ಣು, ಅದರೊಳಗಿನ ಜೀವಾಣು. ಬಂಡೆಯ ಬಿರುಕು ತೊಳೆಯುವುದಿಲ್ಲ, ಸುಮ್ಮನೆ ಸಾಗಿಸುತ್ತದೆ. ಅದೇ ಇಳಿಜಾರಿನ ಕೆಳಗೆ ವಾಡಿಯವರು, ಅಂದರೆ ಪುಟ್ಟ ಹಳ್ಳಿಯ ಜನ, ಕುಡಿಯುವ ಝರಿಯಿದೆ.

ಭರಾವಿನಲ್ಲಿ ಬಿಡೋಣವೆಂದ. ಸಡಿಲ ಮಣ್ಣಿಗೆ ವರ್ಷವಿಡೀ ನೀರು ಕುಡಿಸಿದರೆ ಅದೇ ಜಾರುತ್ತದೆ ಎಂದು ಬೇಡವೆಂದೆ. ಕೊನೆಗೆ ಝರಿಯ ದಿಕ್ಕು ತಪ್ಪಿಸಿ, ಆಚೆ ಮಗ್ಗುಲಲ್ಲಿ ಆರಡಿ ಕಂದು ಮಣ್ಣಿರುವ ಕಡೆ ಮತ್ತೆ ಕುಳಿ ತೋಡಿದೆವು. 25 ಮಿಲಿಮೀಟರಿಗೆ 12 ನಿಮಿಷ. ಅಲ್ಲಿ ಎರಡಡಿ ಆಳದ ಚರಗಳನ್ನು ಇಳಿಜಾರಿಗೆ ಅಡ್ಡವಾಗಿ ತೋಡಿ, ತೂತಿನ ಪೈಪು, ಜಲ್ಲಿ ಹಾಕಿದೆವು. ಕುಡಿಯುವ ನೀರಿಗೂ ಚರಕ್ಕೂ ನಡುವೆ 18 ಮೀಟರ್ ಆದರೂ ಬೇಕೆನ್ನುತ್ತದೆ ನಿಯಮ. ಪಕ್ಕದವರ ಬೋರಿಗೆ ನಾನೇ ಟೇಪು ಹಿಡಿದು ಅಳೆದೆ, ಅದರ ಎರಡರಷ್ಟಿತ್ತು. ಖರ್ಚು ಹೆಚ್ಚಾಯಿತೆಂದು ಮನೆಯಾಕೆ ಇವತ್ತಿಗೂ ಲೆಕ್ಕ ಒಪ್ಪಿಸುತ್ತಾಳೆ.

ತೋಟದ ಮಣ್ಣಿಗೆ ಗಾಜಿನ ಬಾಟಲಿ ಸಾಕಾಯಿತು. ಅರ್ಧ ಮಣ್ಣು, ಅರ್ಧ ನೀರು, ಜೋರಾಗಿ ಅಲ್ಲಾಡಿಸಿ ಒಂದು ದಿನ ಇಟ್ಟೆ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರಿತು, ಜೇಡಿ ಮರುದಿನವೂ ಮೇಲೆ ಕದಡಿಕೊಂಡೇ ಇತ್ತು. ಮುರುಮಿನಲ್ಲಿ ಬರೀ ಹರಳು. ಓಢ್ಯಾದ, ಅಂದರೆ ಹಳ್ಳದ, ದಂಡೆಯದು ಮರಳು, ಗೋಡು, ಜೇಡಿ ಮೂರು ಪದರವೂ ಹದವಾಗಿ ಕೂತಿತ್ತು, ಮಳೆ ಕೊಚ್ಚಿ ತಂದದ್ದೆಲ್ಲ ಅಲ್ಲೇ ಸೇರಿದೆ. ಬದನೆ, ಮೆಣಸಿನಕಾಯಿ ಅಲ್ಲಿ ಹಚ್ಚಿದೆ. ಧೋ ಮಳೆಗೆ ಮಣ್ಣಿನ ಸುಣ್ಣದಂಶ ತೊಳೆದು ಹೋಗಿ ಸ್ವಲ್ಪ ಹುಳಿಯಾಗಿದೆಯೆಂದು ಪರೀಕ್ಷೆಯ ವರದಿ ಬಂತು. ಗೊಬ್ಬರದ ಜತೆ ಸ್ವಲ್ಪ ಸುಣ್ಣ ಹಾಕುತ್ತೇನೆ.

ಆ ಸಪಾಟು ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತೇವೆ. ಎರಡು ಮಳೆಗಾಲದಲ್ಲಿ ಅದರ ಕೆಳಂಚು ನಾಲ್ಕು ಬೆರಳು ಕುಸಿದಿದೆ.