ಊರಿನವರೆಲ್ಲ ಸೇರಿ ನಾಟಕ ಆಡಬೇಕಾ? ಹೀಗೆ ಶುರು ಮಾಡಿ

ಮಂಡ್ಯ, ತುಮಕೂರು, ಹಾಸನದ ಕಡೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ನೋಡಿದವರಿಗೆ ಇದು ಗೊತ್ತಿರುತ್ತದೆ. ಹಗಲು ಬಸ್ಸಿನಲ್ಲಿ ಟಿಕೆಟ್ ಕೊಡುವ ಕಂಡಕ್ಟರ್ ರಾತ್ರಿ ಭೀಮ, ರೇಷ್ಮೆ ಸಾಕುವವರು ಶಕುನಿ, ಶಾಲೆ ಮೇಷ್ಟ್ರು ಕೃಷ್ಣ. ಬೆಳಗಿನ ಜಾವದವರೆಗೂ ಆಟ ನಡೆಯುತ್ತದೆ. ಅವರೆಲ್ಲ ಹತ್ತಿರ ಆಗಿರೋದು ಅದಕ್ಕೂ ಮುಂಚೆ ತಿಂಗಳುಗಟ್ಟಲೆ ನಡೆದ ತಾಲೀಮಿನಲ್ಲಿ. ಹಾಗಾಗಿ ನಿಮ್ಮ ಊರಲ್ಲೋ ಬಡಾವಣೆಯಲ್ಲೋ ನಾಟಕ ಮಾಡಿಸುವ ಆಸೆ ಇದ್ದರೆ, ಪ್ರದರ್ಶನಕ್ಕಿಂತ ತಾಲೀಮಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಿ.

ಮೊದಲು ಜನ. ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಹಾಕಿ ಸುಮ್ನೆ ಕೂತರೆ ಯಾವಾಗಲೂ ಬರುವವರೇ ಬರುತ್ತಾರೆ. ಮನೆಗೇ ಹೋಗಿ ಕರೆಯಿರಿ. ಇಸ್ತ್ರಿ ಅಂಗಡಿಯವರು, ಪೌರಕಾರ್ಮಿಕರು, ಬ್ಯಾಂಕಿನಿಂದ ರಿಟೈರ್ ಆದವರು, ರಾಯಚೂರಿನ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಎಲ್ಲರನ್ನೂ. ‘ನಮಗೆಲ್ಲ ಯಾಕೆ ಸಾರ್ ನಾಟಕ’ ಅಂತಾರೆ. ಬಿಡಬೇಡಿ, ಇನ್ನೊಂದು ಸಲ ಹೋಗಿ.

ಅಡಿಕೆ ತೋಟದವರ ಊರಾದ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲೇ ನೀನಾಸಂ ಅನ್ನುವ ನಾಟಕ ಸಂಸ್ಥೆ ಹುಟ್ಟಿತು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮೈಸೂರಿನ ಜೈಲಿನಲ್ಲಿ, ಸರ್ಕಾರಿ ನಾಟಕ ಸಂಸ್ಥೆ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ಕೈದಿಗಳಿಂದ ನಾಟಕ ಆಡಿಸಿದರು. ನಮ್ಮ ಜನರ ಕೈಲಿ ಆಗಲ್ಲ ಅನ್ನುವವರಿಗೆ ಇವೆರಡನ್ನು ಹೇಳಿ.

ನಾಟಕ ಆರಿಸುವಾಗ ಒಬ್ಬನೇ ಹೀರೋ ಇರುವಂಥದ್ದು ಬೇಡ. ಹತ್ತು-ಹನ್ನೆರಡು ಪಾತ್ರಕ್ಕೂ ಮಾತಿರಬೇಕು, ಹಾಡಲು ಒಂದು ಮೇಳ ಇರಬೇಕು. ಲೇಖಕರ ಅಥವಾ ಅವರ ಮನೆಯವರ ಅನುಮತಿ ಮೊದಲೇ ತೆಗೆದುಕೊಳ್ಳಿ.

ಈಗ ದುಡ್ಡು. ಹಳ್ಳಿ ನಾಟಕಗಳಲ್ಲಿ ಪಾತ್ರಕ್ಕೆ ಇಷ್ಟು ಅಂತ ಹಣ ಕಟ್ಟುವ ರೂಢಿ ಇದೆ, ದುರ್ಯೋಧನನ ಪಾತ್ರ ಬೇಕಂದರೆ ಜಾಸ್ತಿ ಕಟ್ಟಬೇಕು. ಸೀನರಿ, ಡ್ರೆಸ್, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ ಎಲ್ಲ ಅದರಿಂದಲೇ ಆಗೋದು, ಅದು ನನಗೂ ಅರ್ಥವಾಗುತ್ತದೆ. ಆದರೆ ನೀವು ಹಾಗೆ ಮಾಡಬೇಡಿ. ದುಡ್ಡಿದ್ದವರೇ ರಾಜ, ಇಲ್ಲದವರು ಸದಾ ಸೇವಕ ಅಂತಾದರೆ ಊರಿನಲ್ಲಿ ಇರುವ ಮೇಲು-ಕೀಳು ರಂಗದ ಮೇಲೂ ಹತ್ತಿ ಕೂರುತ್ತದೆ. ಮನೆಮನೆಯಿಂದ ಕೈಲಾದಷ್ಟು ಚಂದಾ ಎತ್ತಿ. ಯಾರು ಎಷ್ಟು ಕೊಟ್ಟರು ಅನ್ನೋದು ಪಾತ್ರ ಹಂಚುವವರಿಗೆ ಗೊತ್ತಾಗದೇ ಇರಲಿ.

ತಾಲೀಮಿನ ಹೊತ್ತನ್ನು ಎಲ್ಲರಿಗಿಂತ ಬಿಡುವು ಕಡಿಮೆ ಇರುವವರನ್ನು ಕೇಳಿ ಗೊತ್ತು ಮಾಡಿ. ಹೆಣ್ಣುಮಕ್ಕಳು ಬರಬೇಕು ಅಂದರೆ ಎಂಟು ಗಂಟೆಗೆ ಮುಗಿಸಿ, ಮನೆವರೆಗೆ ಜೊತೆಗೆ ಹೋಗುವವರು ಯಾರು ಅಂತ ಮೊದಲೇ ಮಾತಾಡಿಕೊಳ್ಳಿ, ಮಕ್ಕಳನ್ನು ಕರೆತಂದರೆ ಕೂರಿಸಲು ಒಂದು ಚಾಪೆ ಇಡಿ.

ಮೊದಲ ಎರಡು ವಾರ ಪಾತ್ರ ಹಂಚಬೇಡಿ, ಬರೀ ಓದಿಸಿ. ಇದು ಬಹಳ ಮುಖ್ಯ. ಗುಂಡಗೆ ಕೂತು ಒಂದೊಂದು ಪುಟಕ್ಕೂ ಪಾತ್ರ ಬದಲಿಸುತ್ತಾ ಹೋದರೆ, ಮ್ಯಾನೇಜರ್ ಆಗಿದ್ದವರು ಕಳ್ಳನ ಮಾತು ಓದುತ್ತಾರೆ, ಮನೆಗೆಲಸದ ಅಕ್ಕ ರಾಣಿಯ ಮಾತು ಹೇಳುತ್ತಾರೆ, ನಗು ಬರುತ್ತದೆ, ಆಮೇಲೆ ‘ಆ ಮಾತು ಹಂಗಲ್ಲ ಸಾರ್, ಸ್ವಲ್ಪ ಜೋರಾಗಿ ಹೇಳಿ’ ಅಂತ ಅಕ್ಕನೇ ಮ್ಯಾನೇಜರ್‌ಗೆ ತಿದ್ದಲು ಶುರು ಮಾಡುತ್ತಾರೆ. ಆ ಸಲಿಗೆ ಬಂದ ಮೇಲೆ ಪಾತ್ರ ಹಂಚಿ. ಓದಲು ಬರದವರಿದ್ದರೆ ಹೈಸ್ಕೂಲ್ ಹುಡುಗರನ್ನು ಪಕ್ಕದಲ್ಲಿ ಕೂರಿಸಿ ಮಾತು ಹೇಳಿಕೊಡಿಸಿ. ಕೇಳಿ ಕಲಿತವರು ಮಾತು ಮರೆಯೋದು ಕಡಿಮೆ, ಪದ್ಯ ಕಲಿಸುವ ಮೇಷ್ಟ್ರನ್ನು ಕೇಳಿ ನೋಡಿ.

ರಂಗದ ಮೇಲೆ ಬರಲು ನಾಚುವವರಿಗೂ ಕೆಲಸ ಇದೆ. ಬಡಗಿಗೆ ಸಿಂಹಾಸನ, ಟೈಲರ್‌ಗೆ ಬಟ್ಟೆ, ಎಲೆಕ್ಟ್ರಿಷಿಯನ್‌ಗೆ ಲೈಟು. ಇವರನ್ನು ಕೊನೆ ವಾರ ಕರೆಯಬೇಡಿ, ಓದುವಾಗಿನಿಂದಲೇ ಕೂರಿಸಿಕೊಳ್ಳಿ. ಟೀ ಎಲ್ಲರಿಗೂ ಒಂದೇ ಕೆಟಲ್‌ನಿಂದ, ಒಂದೇ ಥರದ ಲೋಟದಲ್ಲಿ ಬರಲಿ. ಯಾರಾದರೂ ಬೇರೆ ಲೋಟ ಕೇಳಿದರೆ ಆಗಲ್ಲ ಅಂತ ಅಲ್ಲೇ ಹೇಳಿ, ಮುಲಾಜು ಬೇಡ.

ಪ್ರದರ್ಶನ ಆದ ವಾರದೊಳಗೆ ಎಲ್ಲರನ್ನೂ ಕೂರಿಸಿ ಖರ್ಚಿನ ಲೆಕ್ಕ ಜೋರಾಗಿ ಓದಿ. ಬಾಡಿಗೆ ಡ್ರೆಸ್ ವಾಪಸ್ ಕಳಿಸಿ. ಮುಂದಿನ ನಾಟಕ ಯಾವುದು, ಓದು ಯಾವತ್ತಿನಿಂದ ಅನ್ನೋದನ್ನು ಎದ್ದು ಹೋಗುವ ಮುಂಚೆ ಅಲ್ಲೇ ತೀರ್ಮಾನ ಮಾಡಿ.