ಸೆಲ್ಫ್ ತಿರುಗುತ್ತೆ, ಟ್ರ್ಯಾಕ್ಟರ್ ಸ್ಟಾರ್ಟ್ ಆಗ್ತಿಲ್ವಾ?

ಮೆಕ್ಯಾನಿಕ್‌ಗೆ ಫೋನ್ ಮಾಡೋ ಮುಂಚೆ ಸೈಲೆನ್ಸರ್ ನೋಡಿ. ಸೆಲ್ಫ್ ಹೊಡೆಯುವಾಗ ಹೊಗೆಯೇ ಇಲ್ಲ ಅಂದ್ರೆ ಇಂಜಿನ್‌ಗೆ ಡೀಸೆಲ್ ತಲುಪ್ತಿಲ್ಲ. ಬಿಳಿ ಹೊಗೆ ಬಂದ್ರೆ ಡೀಸೆಲ್ ಹೋಗ್ತಿದೆ, ಸರಿಯಾಗಿ ಉರೀತಿಲ್ಲ, ಅದು ಬೇರೆ ಕಥೆ.

ಹೊಗೆ ಇಲ್ಲದಿದ್ರೆ ಮೊದಲು ಸ್ಟಾಪ್ ನಾಬ್ (ಇಂಜಿನ್ ಆಫ್ ಮಾಡೋಕೆ ಎಳೆಯೋ ಗುಂಡಿ) ಪೂರ್ತಿ ಒಳಗಿದೆಯಾ ನೋಡ್ಕೊಳ್ಳಿ. ನಗಬೇಡಿ, ಎಷ್ಟೋ ಸಲ ಅಷ್ಟೇ ಇರುತ್ತೆ. ಆಮೇಲೆ ಡೀಸೆಲ್ ಟ್ಯಾಂಕ್ ಕೆಳಗಿನ ಕಾಕ್ (ನಲ್ಲಿ) ತೆರೆದಿದೆಯಾ ನೋಡಿ.

ಡೀಸೆಲ್ ಪೂರ್ತಿ ಖಾಲಿಯಾಗಿ ನಿಂತಿದ್ರೆ, ಇಲ್ಲಾ ಡೀಸೆಲ್ ಫಿಲ್ಟರ್ ಬದಲಾಯಿಸಿದ್ರೆ ಏರ್ ಹಿಡಿದಿರುತ್ತೆ, ಅಂದ್ರೆ ಡೀಸೆಲ್ ಪೈಪ್‌ನಲ್ಲಿ ಗಾಳಿ ಸೇರಿಕೊಂಡಿರುತ್ತೆ. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿ, ಕೈಪಂಪ್ ಒತ್ತುತ್ತಾ ಇರಿ. ಮೊದಲು ನೊರೆನೊರೆ ಬರುತ್ತೆ. ಗುಳ್ಳೆ ನಿಂತು ಬರೀ ಡೀಸೆಲ್ ಬರೋವರೆಗೂ ಬಿಡಬೇಡಿ. ಕೈಪಂಪ್ ಒತ್ತುತ್ತಲೇ ಸ್ಕ್ರೂ ಬಿಗಿ ಮಾಡಿ. ಇಂಜೆಕ್ಟರ್‌ಗಳಿಗೆ ಡೀಸೆಲ್ ತಳ್ಳೋ ಇಂಜೆಕ್ಷನ್ ಪಂಪ್ ಮೇಲಿನ ಸ್ಕ್ರೂಗೂ ಇದೇ ಕೆಲಸ. ಮತ್ತೆ ಮತ್ತೆ ಏರ್ ಹಿಡಿದ್ರೆ ಪೈಪ್ ಕ್ಲಾಂಪ್, ವಾಷರ್ ಮೇಲೆ ಅನುಮಾನ ಪಡಿ.

ಹೊಸ ಸಿಆರ್‌ಡಿಐ (ತುಂಬಾ ಹೆಚ್ಚು ಪ್ರೆಶರ್‌ನಲ್ಲಿ ಡೀಸೆಲ್ ಕಳಿಸೋ) ಗಾಡಿಗಳಲ್ಲಿ ಇಂಜೆಕ್ಟರ್ ಪೈಪ್‌ಗೆ ಪಾನಾ ಹಾಕಲೇಬೇಡಿ. ಅಲ್ಲಿನ ಪ್ರೆಶರ್‌ಗೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತೆ.

ಸೆಲ್ಫ್ ಬರೀ 'ಟಕ್ ಟಕ್' ಅಂತಿದ್ರೆ ಬ್ಯಾಟರಿ ಟರ್ಮಿನಲ್ ಮೇಲಿನ ಬಿಳಿ ಪುಡಿಯನ್ನು ಬಿಸಿನೀರಲ್ಲಿ ತೊಳೆದು ಬಿಗಿ ಮಾಡಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೀಬೇಡಿ, ನಡುವೆ ಅರ್ಧ ನಿಮಿಷವಾದ್ರೂ ಬಿಡಿ. ಇಲ್ಲಾಂದ್ರೆ ಡೀಸೆಲ್ ತೊಂದರೆ ಜೊತೆಗೆ ಸೆಲ್ಫ್ ಮೋಟರ್ ಖರ್ಚೂ ತಲೆ ಮೇಲೆ.